ಮನ್ಯಾಗ ನಾಲ್ಕು ಭಾಷಾ, ಮಗ ಮಾತ್ರ ಇನ್ನಾ ಮಾತಾಡವಲ್ಲ, ಕಾಯಬೇಕಾ ತೋರಸ್ಬೇಕಾ?

ಪ್ರಶ್ನೆ: ಮೇಡಂ, ನಮ್ದು ಬೀದರ್ ಹತ್ರ ಒಂದು ಹಳ್ಳಿ. ನನ್ ಮಗನಿಗಿ ಈಗ 22 ತಿಂಗಳು. ಅವ್ವ, ಬಾ, ಬ್ಯಾಡ, ಟಾಟಾ ಇಷ್ಟು ಬಿಟ್ರ ಏನೂ ಮಾತಾಡಲ್ಲ. ನಾನು ಜಹೀರಾಬಾದ್ ಕಡಿಯಾಕಿ, ನನ್ ಮಾತು ತೆಲುಗು. ಗಂಡ ಮಾತಾಡೋದು ಕನ್ನಡ, ಅತ್ತಿಯವ್ರು ಉದಗೀರದವ್ರು, ಮೊಮ್ಮಗನ ಜೋಡಿ ಮರಾಠಿ ಮಾತಾಡ್ತಾರ, ಓಣ್ಯಾಗ ಆಡೋ ಹುಡುಗ್ರದೆಲ್ಲಾ ಉರ್ದು. ಇಷ್ಟು ಭಾಷಾ ಕೇಳಿ ಕೂಸಿಗಿ ಗೊಂದಲ ಆಗ್ಯಾದ, ಒಂದೇ ಭಾಷಾ ಮಾತಾಡ್ರಿ ಅಂತ ಗುರ್ತಿನ ಟೀಚರ್ ಒಬ್ರು ಅಂದ್ರು, ಅದಕ್ಕ ನಾನು ಆರು ತಿಂಗಳಿಂದ ಅವನ ಮುಂದ ತೆಲುಗು ಬಿಟ್ಟೀನಿ, ಕನ್ನಡ ನನಗ ಅಷ್ಟು ಸರಿ ಬರಲ್ಲ. ಅತ್ತಿಯವ್ರು, ಇವರಪ್ಪನೂ ಮೂರು ವರ್ಷಕ್ಕ ಮಾತಾಡಿದ್ದ ಸುಮ್ನಿರು ಅಂತಾರ, ಬಜಿ ಬೇರು ತೇಯ್ದು ನಾಲಿಗಿಗಿ ಹಚ್ತಾರ. ಹೇಳಿದ್ದು ತಿಳೀತದ, ಅಪ್ಪನ ಚಪ್ಪಲ್ ತಗೊಂಡ್ ಬಾ ಅಂದ್ರ ತರ್ತಾನ. ವಿಮಾನ ಹೋದ್ರ ಬೆರಳ ತೋರಿಸಿ ನನ್ ಮುಖ ನೋಡ್ತಾನ. ಆದ್ರ ಈ ಚಳಿಗಾಲದಾಗ ನೆಗಡಿ ಬಿಟ್ಟೇ ಇಲ್ಲ, ಒಮ್ಮೊಮ್ಮೆ ಹಿಂದಿನಿಂದ ಕರದ್ರ ತಿರಗಲ್ಲ. ಊಟಕ್ಕ ಮೊಬೈಲ್ ಇಲ್ದಿದ್ರ ಬಾಯೇ ತಗ್ಯಲ್ಲ. ಏನ್ ಮಾಡ್ಲಿ?

ಉತ್ತರ: ತಂಗಿ, ಎರಡು ಮಾತು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರ ಇದನ್ನ ಎಷ್ಟು ದಿನದಿಂದ ಒಬ್ಬಾಕಿನೇ ಮನಸ್ಸಿನ್ಯಾಗ ಇಟ್ಕೊಂಡು ಕುಂತೀರಿ ಅಂತ ನಿಮ್ ಪತ್ರ ಓದಿದ್ರೇ ಗೊತ್ತಾಗ್ತದ. ನಿಮ್ ಮಗ ಮಾತಾಡದೇ ಇರೋದಕ್ಕ ನಿಮ್ ತೆಲುಗು ಕಾರಣ ಅಲ್ಲ, ಇವತ್ತು ರಾತ್ರಿ ಮಲಗಿಸುವಾಗಿಂದಲೇ ಮತ್ತ ತೆಲುಗಿನ್ಯಾಗ ಮಾತಾಡ್ರಿ. ಮತ್ತ ಮೂರು ವರ್ಷದ ತನಕಾ ಕಾಯೋದು ಬ್ಯಾಡ, ಈ ತಿಂಗಳ ಒಳಗೇ ಅವನ ಕಿವಿ ಟೆಸ್ಟ್ ಮಾಡಸ್ರಿ. ನಾನು ಕಲಬುರಗಿಯಾಗ ಸಣ್ಣ ಮಕ್ಕಳ ಮಾತು ಮತ್ತ ಕಿವಿ ಸಂಬಂಧದ ಕೆಲಸ ಮಾಡಾಕಿ, ಬೀದರ್, ಯಾದಗಿರಿ, ಶಹಾಪುರ ಕಡಿಯಿಂದ ಬರೋ ತಾಯಂದ್ರು ಕೇಳೋ ಮೊದಲ ಪ್ರಶ್ನೆ ಹೆಚ್ಚುಕಡಿಮಿ ಇದೇ ಇರ್ತದ, ಅದಕ್ಕ ಸ್ವಲ್ಪ ಉದ್ದ ಆದ್ರೂ ಪೂರ್ತಿ ಬರೀತೀನಿ.

ಭಾಷಾದ ವಿಷಯ ಮೊದಲು ತಗೊಳ್ಳೂಣು. ಭಾಳ ಭಾಷಾ ಕೇಳಿದ್ರ ಮಗುವಿಗಿ ಗೊಂದಲ ಆಗಿ ಮಾತು ತಡ ಆಗ್ತದ ಅಂಬೋದು ಖರೇ ಅಲ್ಲ. ಎರಡು ಮೂರು ಭಾಷಾ ಕೇಳಿ ಬೆಳೆಯೋ ಮಕ್ಕಳಿಗೂ ಮೊದಲ ಮಾತು ಬರೋದು ಒಂದೇ ಭಾಷಾದ ಮನ್ಯಾಗಿನ ಮಕ್ಕಳಿಗಿ ಬರೋ ವಯಸ್ಸಿನ್ಯಾಗೇ, ಅಂದ್ರ ಒಂದು ವರ್ಷದ ಆಚೀಚೆ. ಡೌನ್ ಸಿಂಡ್ರೋಮ್ ಇರೋ ಮಕ್ಕಳು, ಆಟಿಸಂ ಇರೋ ಮಕ್ಕಳು ಕೂಡ ಎರಡು ಭಾಷಾ ಕಲೀತಾರ, ಎರಡನೇ ಭಾಷಾದಿಂದ ಅವರ ತೊಂದ್ರಿ ಹೆಚ್ಚಾಗಲ್ಲ, ಇದರ ಮ್ಯಾಲ ಭಾಳ ದೇಶದಾಗ ಸಂಶೋಧನಾ ಆಗ್ಯಾವ. ಒಂದೇ ವಾಕ್ಯದಾಗ ಎರಡು ಭಾಷಾ ಕಲಸಿ ಮಾತಾಡಿದ್ರೂ ತಪ್ಪಲ್ಲ, "ಪಾನಿ ಬೇಕು" ಅಂದ್ರ ಗೊಂದಲ ಅಂತ ತಿಳೀಬ್ಯಾಡ್ರಿ, ಕೈಗಿ ಸಿಕ್ಕ ಮಾತು ಬಳಸಿ ತನ್ ಕೆಲಸ ಮಾಡ್ಕೊಂಡಾನ ಅಷ್ಟೇ, ನಾವು ದೊಡ್ಡವ್ರು ದಿನಾ ಅದನ್ನೇ ಮಾಡ್ತೀವಲ್ಲ.

ಹಂಗ ನೋಡಿದ್ರ ನಿಮ್ ಮನಿ ನಮ್ ಭಾಗಕ್ಕ ಹೊಸದೇನೂ ಅಲ್ಲ. 1956ರ ನವೆಂಬರ್ 1ಕ್ಕ ರಾಜ್ಯಗಳ ಗಡಿ ಬದಲಾಗೋ ತನಕಾ ನಿಮ್ ತವರಿನ ಜಹೀರಾಬಾದ್, ಅತ್ತಿಯವ್ರ ಉದಗೀರ, ಈಗ ನೀವಿರೋ ಬೀದರ್ ಮೂರೂ ಹೈದರಾಬಾದ್ ರಾಜ್ಯದ ಒಂದೇ ಬೀದರ್ ಜಿಲ್ಲಾದಾಗ ಇದ್ವು. ಆಮ್ಯಾಲ ಒಂದು ಆಂಧ್ರಕ್ಕ ಹೋಯ್ತು, ಒಂದು ಮುಂಬೈ ರಾಜ್ಯಕ್ಕ ಹೋಯ್ತು, ಒಂದು ಮೈಸೂರಿಗಿ ಬಂತು. ಮನ್ಯಾಗ ಒಂದು, ಹೊಲದಾಗ ಒಂದು, ಬಜಾರದಾಗ ಒಂದು, ಕಚೇರಿಯಾಗ ಉರ್ದು, ಹಿಂಗೇ ಇಲ್ಲಿ ತಲಿತಲಾಂತರದಿಂದ ಮಕ್ಕಳು ಬೆಳದಾರ, ನಾಲ್ಕೂ ಮಾತಾಡಿ ಲೆಕ್ಕ ಪತ್ರ ಎಲ್ಲಾ ಮಾಡಿ ದೊಡ್ಡವ್ರಾಗ್ಯಾರ. ಹೆಚ್ಚು ಭಾಷಾ ಕೇಳಿದ್ರ ಮಾತು ನಿಲ್ಲೋದೇ ಆಗಿದ್ರ ಬೀದರ್ ಜಿಲ್ಲಾದಾಗ ಯಾರೂ ಬಾಯಿ ತಗೀತಿರಲಿಲ್ಲ.

ನನಗ ಚಿಂತಿ ಆಗಿದ್ದು ಬ್ಯಾರೆ ಮಾತಿಗಿ. ಆರು ತಿಂಗಳಿಂದ ತೆಲುಗು ಬಿಟ್ಟೀನಿ, ಕನ್ನಡ ಸರಿ ಬರಲ್ಲ ಅಂತ ಬರದೀರಲ್ಲ, ಅಲ್ಲೇ ನಿಂತು ಸ್ವಲ್ಪ ವಿಚಾರ ಮಾಡ್ರಿ. ದಿನದಾಗ ಅವನ ಜೋಡಿ ಹೆಚ್ಚು ಹೊತ್ತು ಇರೋದು ನೀವು. ತೆಲುಗಿನ್ಯಾಗ ಆದ್ರ ನೀವು ಸ್ನಾನ ಮಾಡಸ್ತಾ ಏನೇನೋ ಹೇಳ್ತಿದ್ರಿ, ಬೈತಿದ್ರಿ, ಮುದ್ದು ಮಾಡ್ತಿದ್ರಿ, ನಿಮ್ ಅಮ್ಮ ನಿಮಗ ಹೇಳಿದ ಹಾಡು ಹೇಳ್ತಿದ್ರಿ, ಕಾಗಿ ಬಂದ್ರ ಕಾಗಿ ಕಥಿ ಹೇಳ್ತಿದ್ರಿ. ಬಾರದ ಕನ್ನಡದಾಗ ಏನಾಗ್ತದ ಅಂದ್ರ "ಬಾ", "ಕೂಡು", "ತಿನ್ನು", "ಬ್ಯಾಡ", ಇಷ್ಟಕ್ಕೇ ಮುಗೀತದ. ಅವನಿಗಿ ಬರೋ ಮಾತುಗಳ ಪಟ್ಟಿ ನೋಡ್ರಿ ಮತ್ತ, ಬಾ, ಬ್ಯಾಡ ಅದರಾಗೇ ಅವ. ಒಂದು ಭಾಷಾ ಕಡಿಮಿ ಮಾಡಾಕ ಹೋಗಿ ಮನ್ಯಾಗ ಮಾತೇ ಕಡಿಮಿ ಆಗ್ಯಾದ. ಮಗುವಿಗಿ ಬೇಕಾಗಿರೋದು ತಾಯಿ ಬಾಯಾಗಿಂದ ಸರಾಗ ಬರೋ ಉದ್ದುದ್ದ ಮಾತು, ಅದು ಯಾವ ಭಾಷಾ ಆದ್ರೂ ನಡೀತದ. ಅಪ್ಪ ಕನ್ನಡದಾಗ ಮಾತಾಡ್ಲಿ, ಅಜ್ಜಿ ಮರಾಠಿಯಾಗ, ನೀವು ತೆಲುಗಿನ್ಯಾಗ, ಓಣಿ ಹುಡುಗ್ರ ಉರ್ದು ಓಣ್ಯಾಗ ಇರ್ಲಿ. ಯಾರೂ ಯಾವುದನ್ನೂ ಬಿಡೋದು ಬ್ಯಾಡ. ಮುಂದ ಪ್ಲೇ ಹೋಮಿಗಿ ಹಾಕುವಾಗ ಮನ್ಯಾಗ ಇಂಗ್ಲಿಷ್ ಮಾತಾಡ್ರಿ ಅಂತ ಯಾರಾದ್ರೂ ಹೇಳಬಹುದು, ನಿಮಗ ಸರಾಗ ಬರೋ ಭಾಷಾ ಅದಲ್ಲ ಅಂದ್ರ ಅದಕ್ಕೂ ಹೂಂ ಅನ್ನಬ್ಯಾಡ್ರಿ. "ಕಮ್, ಸಿಟ್, ಆಪಲ್" ಅಂಬೋ ಹತ್ತು ಮಾತು ಕಲಸಾಕ ಹೋಗಿ ತಾಯಿಭಾಷಾದ ಸಾವಿರ ಮಾತು ಕಳೀಬಾರ್ದು, ಇದರಾಗ ನಂದು ಗಟ್ಟಿ ಅಭಿಪ್ರಾಯ. ಒಂದು ಭಾಷಾ ಗಟ್ಟಿ ಬಂದ ಮಗು ಮುಂದ ಶಾಲ್ಯಾಗ ಇಂಗ್ಲಿಷ್ ಕಲೀತದ.

ಈಗ ಎಣಿಸೋ ವಿಷಯ. ನೀವು ನಾಲ್ಕು ಮಾತು ಅಂದೀರಿ, ನನಗ ಅನುಮಾನ ಅದ, ನೀವು ಬರೇ ಕನ್ನಡದ್ದು, ಅದೂ ಸ್ಪಷ್ಟ ಅಂದದ್ದು ಮಾತ್ರ ಎಣಿಸೀರಿ. ಒಂದು ವಾರ ಒಂದು ನೋಟ್‌ಬುಕ್ ಅಡಗಿ ಮನ್ಯಾಗ ಇಡ್ರಿ, ಮನಿ ಮಂದಿ ಎಲ್ಲಾ ಅದರಾಗ ಬರೀರಿ. ಹಾಲಿಗಿ ತೆಲುಗಿನ್ಯಾಗ ಪಾಲು ಅಂದ್ನಾ, ಬರೀರಿ. ಪಾನಿ ಅಂದ್ನಾ, ಅದೂ ಒಂದು. ಅಜ್ಜಿಗಿ ಆಜಿ ಅಂದ್ನಾ, ಅದೂ. ನಾಯಿ ನೋಡಿ ಪ್ರತಿ ಸಲ "ಭೌ" ಅಂದ್ರ ಅದೂ ಮಾತೇ, ರೊಟ್ಟಿಗಿ "ಲೊತ್ತಿ" ಅಂದ್ರ ಅದೂ ಮಾತೇ, ಒಂದೇ ವಸ್ತುವಿಗಿ ಯಾವಾಗ್ಲೂ ಅದೇ ಅಂತಾನ ಅಂದ್ರ ಸಾಕು. ನಾಲ್ಕೂ ಭಾಷಾ ಕೂಡಿಸಿ ಎಣಿಸ್ರಿ. ಹಾಲು ಅಂತಾನ, ಪಾಲು ಅಂತಾನ ಅಂದ್ರ ಎರಡು ಅಂತ ಬರೀರಿ. ಮಾವನ ಜೋಡಿ ಹೊರಗ ಹೋದಾಗ ಬರೋ ಮಾತು ನಿಮಗ ಗೊತ್ತೇ ಇರಂಗಿಲ್ಲ, ಅದಕ್ಕ ಎಲ್ರೂ ಬರೀಬೇಕು ಅಂದಿದ್ದು.

ಸಾಮಾನ್ಯಕ್ಕ ಒಂದೂವರಿ ವರ್ಷಕ್ಕ ಹತ್ತಿಪ್ಪತ್ತು ಮಾತು ಇರ್ತಾವ, ಎರಡು ವರ್ಷಕ್ಕ ಐವತ್ತರ ಹತ್ರ ಬರ್ತಾವ, ಮತ್ತ ಎರಡು ಮಾತು ಜೋಡಿಸೋದು ಸುರು ಆಗ್ತದ, "ಅಪ್ಪ ಹೋದ", "ಹಾಲು ಬೇಕು" ಹಂಗ. ಬರೇ ಕೇಳಿ ಗಿಳಿ ಹಂಗ ಅನ್ನೋದಲ್ಲ, ತಾನೇ ಜೋಡಿಸಬೇಕು. ನಿಮ್ ನೋಟ್‌ಬುಕ್‌ನ್ಯಾಗ ಹದಿನೈದು ಇಪ್ಪತ್ತು ಬಂದ್ರ ಎದಿ ಸ್ವಲ್ಪ ಹಗುರ ಆಗ್ತದ, ಆದ್ರೂ 22 ತಿಂಗಳಿಗಿ ಕಡಿಮಿನೇ. ನಾಲ್ಕೈದೇ ಬಂದ್ರ ಇನ್ನೂ ಕಡಿಮಿ. ಎರಡೂ ಕಡಿ ಮುಂದ ಹೇಳೋ ಟೆಸ್ಟ್ ಬೇಕೇ ಬೇಕು.

ಕಿವಿ. ಪೂರ್ತಿ ಪತ್ರದಾಗ ನಾನು ಎರಡು ಸಲ ಓದಿದ್ದು ನೆಗಡಿ ಬಿಟ್ಟೇ ಇಲ್ಲ, ಒಮ್ಮೊಮ್ಮೆ ತಿರಗಲ್ಲ ಅಂಬೋ ಸಾಲು. ಮೂಗಿನ ಹಿಂದಿನಿಂದ ಕಿವಿ ಒಳಗ ಒಂದು ಸಣ್ಣ ನಾಳ ಹೋಗ್ತದ, ದೊಡ್ಡವ್ರಿಗಿ ಅದು ಇಳಿಜಾರು ಇರ್ತದ, ಸಣ್ಣ ಮಕ್ಕಳಿಗಿ ಗಿಡ್ಡ ಮತ್ತ ಹೆಚ್ಚುಕಡಿಮಿ ಅಡ್ಡ ಇರ್ತದ. ನೆಗಡಿ ಆದಾಗ ಆ ನಾಳ ಊದಿ ಮುಚ್ಕೊಂಡು ಕಿವಿ ಪರದಿ ಹಿಂದ ನೀರು ನಿಲ್ತದ. ನೋವಿರಲ್ಲ, ಜ್ವರ ಇರಲ್ಲ, ಕಿವಿ ಸೋರಲ್ಲ, ಹೊರಗ ಏನೂ ಕಾಣಲ್ಲ, ಆದ್ರ ಮಗುವಿಗಿ ಮಾತು ದಿಂಬಿನ ಒಳಗಿಂದ ಬಂದಂಗ ಕೇಳ್ತದ. ಒಂದು ವಾರ ಚೊಲೋ ಕೇಳ್ತದ, ಇನ್ನೊಂದು ವಾರ ಕೇಳಲ್ಲ. ಅದಕ್ಕೇ ಒಮ್ಮೆ ತಿರಗ್ತಾನ ಒಮ್ಮೆ ತಿರಗಲ್ಲ, ಮನಿ ಮಂದಿ "ಬೇಕಂತ ಮಾಡ್ತಾನ, ಹಠಮಾರಿ" ಅಂತಾರ. ನಿಮ್ ಮಗನಿಗಿ ಇದೇ ಆಗ್ಯಾದ ಅಂತ ಇಲ್ಲಿ ಕುಂತು ನಾನು ಹೇಳಲ್ಲ, ಹೇಳಾಕ ಬರಂಗೂ ಇಲ್ಲ, ಆದ್ರ ಆಗಿದ್ರ ಇದು ವಾಸಿ ಆಗೋ ಕಾರಣ, ಅದಕ್ಕೇ ಮೊದಲು ಇದನ್ನ ನೋಡ್ಬೇಕು ಅಂತೀನಿ.

ನಮ್ ಕಡಿ ಎಲ್ಲಾ ಮನ್ಯಾಗೂ ಒಂದು ಟೆಸ್ಟ್ ಮಾಡ್ತಾರ, ಹಿಂದ ನಿಂತು ಗಂಗಾಳ ಬಡಿಯೋದು, ಮಗು ಬೆಚ್ಚಿ ತಿರಗಿದ್ರ "ಕಿವಿ ಚೊಲೋ ಅದ" ಅನ್ನೋದು. ದಯಮಾಡಿ ಇದನ್ನ ನಂಬ್ಕೊಂಡು ಕೂಡಬ್ಯಾಡ್ರಿ. ಗಂಗಾಳದ ಸದ್ದು ಭಾಳ ದೊಡ್ಡದು, ಸ್ವಲ್ಪ ಮಟ್ಟಿಗಿ ಕಿವುಡು ಇದ್ದ ಮಗುನೂ ಅದಕ್ಕ ತಿರಗ್ತದ. ಮಾತಿನ್ಯಾಗಿನ ಸ, ಶ, ಫ, ತ ಇಂಥ ಸಣ್ಣ ಸದ್ದು ಕೇಳ್ತಾವೋ ಇಲ್ಲೋ ಅದು ಮುಖ್ಯ, ಅದನ್ನ ಗಂಗಾಳ ಹೇಳಲ್ಲ. ನಿಮ್ ಊರಿನ ಮ್ಯಾಲ ಹೋಗೋ ವಾಯುಪಡೆ ವಿಮಾನದ ಸದ್ದೂ ಹಂಗೇ, ಅದಕ್ಕ ಮ್ಯಾಲ ನೋಡ್ತಾನ ಅಂದ್ರ ಕಿವಿ ಪೂರ್ತಿ ಸರಿ ಅಂತ ಅರ್ಥ ಅಲ್ಲ. ಚಪ್ಪಲ್ ತಾ ಅಂದ್ರ ತರ್ತಾನ ಅಂದ್ರಿ, ಭಾಳ ಚೊಲೋ, ಆದ್ರ ಒಮ್ಮೆ ಬೆರಳ ತೋರಸದೇ, ಚಪ್ಪಲ್ ಕಡಿ ನೋಡದೇ, ಟಿವಿ ಬಂದ್ ಮಾಡಿ, ಸಣ್ಣ ದನಿಯಾಗ ಹೇಳಿ ನೋಡ್ರಿ. ಮಕ್ಕಳು ಭಾಳ ಚಾಲಾಕ್ ಇರ್ತಾರ, ಅಪ್ಪ ಹೊರಗ ಹೊಂಟ ಅಂದ್ರೇ ಚಪ್ಪಲ್ ತರ್ತಾರ, ಮಾತು ಕೇಳಿ ತಂದ್ನೋ ನೋಡಿ ತಂದ್ನೋ ನಮಗ ತಿಳಿಯಲ್ಲ.

ಹುಟ್ಟಿದಾಗ ಆಸ್ಪತ್ರ್ಯಾಗ ಕಿವಿ ಸ್ಕ್ರೀನಿಂಗ್ ಆಗಿದ್ಯಾ ಅಂತ ಡಿಸ್ಚಾರ್ಜ್ ಕಾಗದ ತಗದು ನೋಡ್ರಿ. ನಿಯಮ ಹಿಂಗ ಅದ: ಹುಟ್ಟಿ ಒಂದು ತಿಂಗಳೊಳಗ ಸ್ಕ್ರೀನಿಂಗ್, ತೊಂದ್ರಿ ಕಂಡ್ರ ಮೂರು ತಿಂಗಳೊಳಗ ಖಾತ್ರಿ, ಆರು ತಿಂಗಳೊಳಗ ಚಿಕಿತ್ಸಾ ಸುರು. ಆಗ ಪಾಸ್ ಆಗಿದ್ರೂ ಈಗ ಮತ್ತೊಮ್ಮೆ ಬೇಕು, ನೀರು ನಿಲ್ಲೋದು ಆಮ್ಯಾಲ ಬರೋ ತೊಂದ್ರಿ. ಟೆಸ್ಟ್ ಹೆಸರು ಕೇಳಿ ಹೆದರಬ್ಯಾಡ್ರಿ. ಓಎಇ ಅಂದ್ರ ಒಳಗಿವಿ ಕೆಲಸ ಮಾಡ್ತದಾ ಅಂತ ನೋಡೋ ಟೆಸ್ಟ್, ಕಿವ್ಯಾಗ ಮೆತ್ತನ್ನ ಬುರುಗಿನ ತುದಿ ಇಡ್ತಾರ, ಮಗು ಸುಮ್ನಿದ್ರ ಕೆಲವೇ ನಿಮಿಷದಾಗ ಮುಗೀತದ. ಟಿಂಪನೋಮೆಟ್ರಿ ಪರದಿ ಹಿಂದ ನೀರು ಅದನಾ ನೋಡ್ತದ, ಅದೂ ನಿಮಿಷದ ಮಾತು. ಅದರಾಗ ಅನುಮಾನ ಬಂದ್ರ ಬೇರಾ ಅಂತ ಮಾಡ್ತಾರ, ತಲಿಗಿ ಸಣ್ಣ ತಂತಿ ಅಂಟಿಸಿ, ಮಗು ಮಲಗಿದಾಗ. ಯಾವುದರಾಗೂ ನೋವಿಲ್ಲ, ಸೂಜಿ ಇಲ್ಲ. ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್ ಎರಡೂ ಸರಕಾರಿ ಮೆಡಿಕಲ್ ಕಾಲೇಜು, ಅಲ್ಲಿ ಕಿವಿ-ಮೂಗು-ಗಂಟಲು ವಿಭಾಗಕ್ಕ ಹೋಗಿ "ಮಗು ಮಾತು ತಡ, ಕೇಳೋದು ಟೆಸ್ಟ್ ಆಗ್ಬೇಕು" ಅಂತ ಇಷ್ಟೇ ಹೇಳ್ರಿ. ಮುಂಜಾನೆ ಹೋಗ್ರಿ, ಹಾದ್ಯಾಗ ಮಲಗಿಸಬ್ಯಾಡ್ರಿ, ಅಲ್ಲಿ ನಿದ್ದಿ ಬಂದ್ರೇ ಅನುಕೂಲ.

ಅಲ್ಲೀ ತನಕಾ ಕಿವ್ಯಾಗ ಎಣ್ಣಿ ಬಿಡಬ್ಯಾಡ್ರಿ, ಬಿಸಿ ಮಾಡಿದ್ದೂ ಬ್ಯಾಡ, ಬೆಳ್ಳುಳ್ಳಿ ಹಾಕಿದ್ದೂ ಬ್ಯಾಡ. ಬಾಟಲಿ ಹಾಲು ಮಲಗಿಸಿ ಕುಡಿಸ್ತಿದ್ರ ನಿಲ್ಲಸ್ರಿ, ಮಲಗಿ ಕುಡಿಯೋ ಮಕ್ಕಳಿಗಿ ಕಿವಿ ಸೋಂಕು ಹೆಚ್ಚು. ಮನ್ಯಾಗ ಯಾರಾದ್ರೂ ಬೀಡಿ ಸಿಗರೇಟ್ ಸೇದ್ತಿದ್ರ ಅದೂ ಕಿವಿಗಿ ಕೆಟ್ಟದ್ದೇ.

ಬಜಿ ಬಗ್ಗಿ ಕೇಳಿದ್ರಿ. ಬಜಿಯಿಂದ ಮಾತು ಬರಲ್ಲ. ಹೆಚ್ಚು ಹೋದ್ರ ಸಣ್ಣ ಮಕ್ಕಳಿಗಿ ವಾಂತಿ ಆಗ್ತದ, ಅದರಾಗ ಅಸರೋನ್ ಅಂಬೋ ಅಂಶ ಇರ್ತದ, ಅದು ದೇಹಕ್ಕ ಒಳ್ಳೇದಲ್ಲ. ಅತ್ತಿಯವ್ರ ಜೋಡಿ ಜಗಳಾ ಮಾಡಬ್ಯಾಡ್ರಿ, ಅವ್ರು ಮೊಮ್ಮಗನ ಮ್ಯಾಲಿನ ಪ್ರೀತಿಗೇ ತೇಯ್ತಾರ, ಡಾಕ್ಟ್ರು ಈ ಟೆಸ್ಟ್ ಮುಗಿಯೋ ತನಕಾ ಬಾಯಿಗಿ ಏನೂ ಹಚ್ಚಬ್ಯಾಡ ಅಂದಾರ ಅಂತ ನನ್ ಹೆಸರು ಹೇಳ್ರಿ. ನಾಲಿಗಿ ಕೆಳಗಿನ ನರ ಕತ್ತರಿಸ್ಬೇಕು ಅಂತಲೂ ಯಾರಾದ್ರೂ ಅಂತಾರ. ನಾಲಿಗಿ ಬಿಗಿ ಇದ್ರ ಕೆಲವು ಅಕ್ಷರ ತೊದಲಬಹುದು, ಆದ್ರ ಮಾತೇ ಬರದಂಗ ಅದು ಮಾಡಲ್ಲ, ಸುಮ್ಮ ಸುಮ್ಮ ಕತ್ತರಿಗಿ ಒಪ್ಪಬ್ಯಾಡ್ರಿ.

ಅವರಪ್ಪನೂ ತಡವಾಗಿ ಮಾತಾಡಿದ್ದ ಅಂಬೋ ಮಾತಿಗಿ ಬರ್ತೀನಿ. ಇದನ್ನ ಸಮಾಧಾನಕ್ಕ ಹೇಳ್ತಾರ, ನಮಗ ಮಾತ್ರ ಅದು ಎಚ್ಚರಿಕಿ. ಮನೆತನದಾಗ ಮಾತು ತಡ ಇದ್ರ ಮಗುವಿಗೂ ಭಾಷಾ ತೊಂದ್ರಿ ಇರೋ ಸಾಧ್ಯತಾ ಜಾಸ್ತಿ, ಅದಕ್ಕ ಅಂಥ ಮಗುವಿನ್ನ ಇನ್ನೂ ಬೇಗ ನೋಡ್ಬೇಕು. ಗಂಡುಹುಡುಗ್ರು ತಡ ಅಂಬೋದೂ ಅರ್ಧ ಖರೇ, ಹೆಣ್ಣುಹುಡುಗ್ರಿಗಿಂತ ಸ್ವಲ್ಪ ಹಿಂದ ಇರ್ತಾರ, ಆದ್ರ ಅದು ವರ್ಷಗಟ್ಲೆ ಅಲ್ಲ. ತಡವಾಗಿ ಮಾತಾಡೋ ಮಕ್ಕಳಾಗ ಭಾಳ ಮಂದಿ ಮೂರು ವರ್ಷದ ಹೊತ್ತಿಗಿ ತಾವೇ ಉಳಿದವ್ರನ್ನ ಹಿಡೀತಾರ, ಇದೂ ಖರೇ. ತೊಂದ್ರಿ ಏನಂದ್ರ ಯಾವ ಮಗು ತಾನೇ ಹಿಡೀತದ, ಯಾವುದು ಹಿಂದೇ ಉಳೀತದ ಅಂತ ಈ ವಯಸ್ಸಿನ್ಯಾಗ ಮುಖ ನೋಡಿ ಹೇಳಾಕ ಬರಲ್ಲ. ಈಗ ಟೆಸ್ಟ್ ಮಾಡ್ಸಿ ಏನೂ ಇಲ್ಲ ಅಂತ ಬಂದ್ರ ಒಂದು ದಿನದ ಬಸ್ ಖರ್ಚು ಹೋಯ್ತು. ಕಾದು ಕುಂತು ಮೂರು ವರ್ಷಕ್ಕ ಕಿವಿ ಕೇಳಲ್ಲ ಅಂತ ಗೊತ್ತಾದ್ರ ಮಿದುಳು ಮಾತು ಕಲಿಯೋ ಎಲ್ಲಕ್ಕಿಂತ ಒಳ್ಳೆ ವರ್ಷಗಳು ಹೋದ್ವು, ಅವು ವಾಪಸ್ ಬರಲ್ಲ ತಂಗಿ. ಶಾಲಿಗಿ ಹಾಕೋ ವಯಸ್ಸಿಗಿ ಮೊದಲ ಸಲ ಕರ್ಕೊಂಡ್ ಬರೋ ಮಕ್ಕಳನ್ನ ನೋಡ್ದಾಗೆಲ್ಲಾ ನನಗ ಸಂಕಟ ಆಗ್ತದ, ಅದಕ್ಕ ಇಷ್ಟು ಜೋರಾಗಿ ಹೇಳ್ತೀನಿ.

ನಿಮ್ ಪತ್ರದಾಗ ನನಗ ಭಾಳ ಖುಷಿ ಕೊಟ್ಟಿದ್ದು ವಿಮಾನದ ಮಾತು. ಬೇಕಾದ ವಸ್ತುವಿಗಿ ಬೆರಳ ತೋರಸೋದು ಒಂದು, "ಅವ್ವಾ, ಅಲ್ಲಿ ನೋಡು" ಅಂತ ಬರೇ ನಿಮಗ ತೋರಸ್ಬೇಕು ಅಂತ ತೋರಸೋದು ಇನ್ನೊಂದು. ಎರಡನೇದ್ದು ದೊಡ್ಡ ಮಾತು. ವಿಮಾನ ತೋರಿಸಿ ಆಮ್ಯಾಲ ನಿಮ್ ಮುಖ ನೋಡ್ತಾನ, ಅಂದ್ರ ತನ್ ಖುಷಿಯಾಗ ನಿಮ್ಮನ್ನ ಸೇರಿಸ್ಕೊಂಡಾನ. ಮಾತಿಗಿಂತ ಮುಂಚೆ ಬರಬೇಕಾದ್ದು ಇದೇ, ಆಟಿಸಂ ಇರೋ ಮಕ್ಕಳಿಗಿ ಸಾಮಾನ್ಯಕ್ಕ ಇಲ್ಲೇ ತೊಡಕು ಇರ್ತದ. ಹೆಸರು ಕರದ್ರ ಕಣ್ಣಿಗಿ ಕಣ್ಣು ಕೊಡ್ತಾನಾ, ಬೊಂಬಿಗಿ ಸುಳ್ಳು ಸುಳ್ಳು ಊಟ ಮಾಡಸ್ತಾನಾ, ಬ್ಯಾರೆ ಮಕ್ಕಳ ಹತ್ರ ಹೋಗ್ತಾನಾ, ಇವನ್ನೂ ಗಮನಿಸ್ರಿ. ಮಕ್ಕಳ ಡಾಕ್ಟ್ರ ಹತ್ರ ಆಟಿಸಂ ಅನುಮಾನ ಅದನಾ ನೋಡೋ ಎಂ-ಚಾಟ್ ಅಂತ ಇಪ್ಪತ್ತು ಪ್ರಶ್ನಿದ ಫಾರ್ಮ್ ಇರ್ತದ, 16ರಿಂದ 30 ತಿಂಗಳ ಮಕ್ಕಳಿಗಿ ಅದು, ಟೆಸ್ಟಿಗಿ ಹೋದಾಗ ಅದನ್ನೂ ಕೇಳಿ ತುಂಬಿಸ್ರಿ. ಒಂದು ಮಾತು ಮಾತ್ರ ಯಾವ ವಯಸ್ಸಿನ್ಯಾಗೂ ಮರೀಬ್ಯಾಡ್ರಿ, ಬಂದಿದ್ದ ಮಾತು ಹೋಯ್ತು, ಟಾಟಾ ಮಾಡ್ತಿದ್ದ ಈಗ ಮಾಡವಲ್ಲ ಅಂದ್ರ ಒಂದು ವಾರನೂ ತಡ ಮಾಡ್ದೇ ಡಾಕ್ಟ್ರಿಗಿ ತೋರಸ್ಬೇಕು.

ಮೊಬೈಲ್. ವಿಶ್ವ ಆರೋಗ್ಯ ಸಂಸ್ಥಾ 2019ರಾಗ ಹೇಳ್ಯಾದ, ಎರಡು ವರ್ಷದ ಒಳಗಿನ ಮಕ್ಕಳಿಗಿ ಮೊಬೈಲ್, ಟಿವಿ ಪರದಿ ಬ್ಯಾಡ, ಎರಡರಿಂದ ನಾಲ್ಕು ವರ್ಷದವ್ರಿಗಿ ದಿನಕ್ಕ ಒಂದು ತಾಸಿಗಿಂತ ಜಾಸ್ತಿ ಬ್ಯಾಡ, ಎಷ್ಟು ಕಡಿಮಿ ಅಷ್ಟು ಚೊಲೋ. ಭಾರತದ ಮಕ್ಕಳ ವೈದ್ಯರ ಸಂಘದವ್ರೂ ಹೆಚ್ಚುಕಡಿಮಿ ಅದನ್ನೇ ಹೇಳ್ತಾರ, ಊರಾಗಿರೋ ಅಮ್ಮಮ್ಮನ ಜೋಡಿ ವಿಡಿಯೋ ಕಾಲ್ ಒಂದನ್ನ ಬಿಟ್ಟು. ಮೊಬೈಲ್‌ನ್ಯಾಗ ಎಷ್ಟೇ ಹಾಡು ಮಾತು ಬಂದ್ರೂ ಅದು ಇವನ ಮುಖ ನೋಡಿ ಕಾಯಲ್ಲ, ಇವನು ತಿರುಗಿ ಅಂದಿದ್ದಕ್ಕ ಉತ್ತರ ಕೊಡಲ್ಲ. ಊಟ ಅಂದ್ರ ದಿನಕ್ಕ ಮೂರ್ನಾಲ್ಕು ಸಲ ತಾಯಿ ಮಗ ಎದುರಾಬದುರು ಕೂಡೋ ಹೊತ್ತು, ಅದೇ ಹೊತ್ತು ಮೊಬೈಲಿಗಿ ಹೋಗ್ತದಲ್ಲ ಅಂಬೋದೇ ನನ್ ತಕರಾರು. ಈ ಉತ್ತರ ಓದಿದ ದಿನದಿಂದ ಊಟದ ಹೊತ್ತಿಗಿ ಮೊಬೈಲ್ ಎಲ್ಲರದ್ದೂ ಒಳಗಿಡ್ರಿ, ಅಪ್ಪಂದೂ. ಮೊದಲ ಕೆಲ ದಿನ ಅಳ್ತಾನ, ಕಡಿಮಿ ತಿಂತಾನ, ಆಗ್ಲಿ, ಹಸದ್ರ ತಿಂತಾನ. ಎಲ್ರೂ ಒಂದೇ ಹೊತ್ತಿಗಿ ನೆಲದ ಮ್ಯಾಲ ಕುಂತು ಉಣ್ರಿ, ಬ್ಯಾಳ್ಯಾಗ ಮೆತ್ತಗ ಮಾಡಿದ ರೊಟ್ಟಿ ಅವನ ಗಂಗಾಳದಾಗ ಹಾಕಿ ಅವನ ಕೈಗೇ ಬಿಡ್ರಿ, ನೆಲಾ ಹೊಲಸಾದ್ರ ಆಗ್ಲಿ.

ಹಾಲು ದಿನಕ್ಕ ಅರ್ಧ ಲೀಟರ್‌ಗಿಂತ ಜಾಸ್ತಿ ಕುಡೀತಿದ್ರ ಕಡಿಮಿ ಮಾಡ್ರಿ, ಹೊಟ್ಟಿ ಹಾಲಿಗೇ ತುಂಬಿದ್ರ ಊಟ ಸೇರಲ್ಲ, ರಕ್ತ ಕಡಿಮಿ ಆಗ್ತದ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಾದಾಗ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಾಗ 65.5 ಪರ್ಸೆಂಟ್ ಮಕ್ಕಳಿಗಿ ರಕ್ತಹೀನತಾ ಇತ್ತು. ರಕ್ತ ಕಡಿಮಿ ಇರೋ ಮಗು ಮಂಕಾಗಿರ್ತದ, ಆಡೋದು ಕಡಿಮಿ, ಹೊಸದು ಕಲಿಯೋದೂ ಕಡಿಮಿ. ಆಶಾ ಅಕ್ಕನ ಹತ್ರ ಕಬ್ಬಿಣಾಂಶದ ಸಿರಪ್ ಸಿಗ್ತದ, ವಾರಕ್ಕ ಎರಡು ಸಲ ಒಂದೊಂದು ಎಂಎಲ್, ಪುಕ್ಕಟೆ. ತಾಯಿ ಕಾರ್ಡ್ ತಗದು 16ರಿಂದ 24 ತಿಂಗಳ ಬೂಸ್ಟರ್ ಲಸಿಕಿ ಆಗ್ಯಾವೋ ನೋಡ್ರಿ, ದಡಾರ-ರುಬೆಲ್ಲಾದ ಎರಡನೇ ಡೋಸ್ ಅದರಾಗೇ ಬರ್ತದ, ದಡಾರದಿಂದಲೂ ಕಿವಿ ಹೋಗೋದುಂಟು.

ಮನ್ಯಾಗ ಮಾತಾಡೋದು ಹೆಂಗ ಅಂದ್ರ, ಆಟಿಗಿ ಸಾಮಾನು ಏನೂ ಕೊಳ್ಳಬ್ಯಾಡ್ರಿ, ಕಾರ್ಡು ಚಾರ್ಟು ಬ್ಯಾಡ. ರೊಟ್ಟಿ ಬಡಿಯುವಾಗ ಅವನನ್ನ ಒಲಿಯಿಂದ ದೂರ, ಆದ್ರ ನಿಮ್ ಹತ್ರದಾಗೇ ಕೂಡಿಸ್ಕೊಂಡು ಒಂದು ಮುದ್ದಿ ಹಿಟ್ಟು ಅವನ ಕೈಗಿ ಕೊಡ್ರಿ, ನೀವು ಬಡಿಯೋದೆಲ್ಲಾ ನಿಮ್ ತೆಲುಗಿನ್ಯಾಗ ಹೇಳ್ತಾ ಹೋಗ್ರಿ, ಹಿಟ್ಟು, ನೀರು, ಟಪ ಟಪ, ಸುಡ್ತದ, ಉಬ್ಬಿತು. ಅವನ ಕಣ್ಣಿನ ಮಟ್ಟಕ್ಕ ಕೂಡ್ರಿ, ನಿಮ್ ಬಾಯಿ ಅವನಿಗಿ ಕಾಣ್ಬೇಕು. ಕೇಳೂಕ ಮುಂಚೆನೇ ನೀರು ಕೈಗಿ ಕೊಡಬ್ಯಾಡ್ರಿ, ಲೋಟಾ ಹಿಡದು "ನೀಳ್ಳಾ, ಪಾಲಾ?" ಅಂತ ಕೇಳಿ ಮನಸ್ಸಿನ್ಯಾಗ ಹತ್ತು ಎಣಿಸಿ ಸುಮ್ನ ಕಾಯ್ರಿ. ಈ ಕಾಯೋದೇ ಎಲ್ಲಕ್ಕಿಂತ ಕಠಿಣ, ನಮಗ ಗಡಿಬಿಡಿ ಇರ್ತದ, ಎರಡು ಸೆಕೆಂಡಿಗಿ ನಾವೇ ಉತ್ತರಾನೂ ಹೇಳಿಬಿಡ್ತೀವಿ. ಅವನು ಕೈ ತೋರಸಿದ್ರೂ ಅರ್ಧ ಅಂದ್ರೂ ತಕ್ಷಣ ಕೊಡ್ರಿ, "ಪೂರ್ತಿ ಹೇಳು, ಸರಿ ಹೇಳು" ಅಂತ ಸತಾಯಿಸಬ್ಯಾಡ್ರಿ. ಬಂದವ್ರ ಮುಂದ ನಿಲ್ಲಿಸಿ "ಹೇಳು, ಅಂಕಲ್‌ಗಿ ಹೆಸರು ಹೇಳು" ಅನ್ನೋದಂತೂ ಬ್ಯಾಡವೇ ಬ್ಯಾಡ. ಅವನು ಒಂದು ಅಂದ್ರ ನೀವು ಅದಕ್ಕ ಒಂದು ಸೇರಿಸ್ರಿ, "ರೊಟ್ಟಿ" ಅಂದ್ರ ಅಪ್ಪ "ಬಿಸಿ ರೊಟ್ಟಿ" ಅನ್ನಲಿ, "ಭೌ" ಅಂದ್ರ ಅಜ್ಜಿ ಮರಾಠಿಯಾಗ "ಕುತ್ರಾ ಪಳಾಲಾ" (ನಾಯಿ ಓಡಿತು) ಅನ್ನಲಿ. ಅತ್ತಿಯವ್ರಿಗಿ ಒಂದು ಕೆಲಸ ಪೂರ್ತಿ ಒಪ್ಪಿಸಿಬಿಡ್ರಿ, ದಿನಾ ಸಂಜಿಗಿ ಕಟ್ಟಿ ಮ್ಯಾಲ ಕುಂತು ಅವನಿಗಿ ಹಾಡು ಹೇಳೋದು, ಪ್ರತಿ ಸಾಲಿನ ಕೊನೀ ಮಾತು ಬಿಟ್ಟು ಅವನ ಬಾಯಿ ನೋಡ್ತಾ ಕಾಯೋದು. ಬಜಿ ತೇಯೋ ಹೊತ್ತು ಅದಕ್ಕ ಹೋಗ್ಲಿ.

ಇನ್ನ ಎಲ್ಲಿ ಹೆಂಗ ಅಂಬೋದು. ಅಂಗನವಾಡಿಗಿ ವರ್ಷಕ್ಕ ಎರಡು ಸಲ ಆರ್‌ಬಿಎಸ್‌ಕೆ ತಂಡ ಬರ್ತದ, 2013ರಿಂದ ನಡಿಯೋ ಮಕ್ಕಳ ತಪಾಸಣಾ ಯೋಜನಾ ಅದು, ಕಿವಿ ಮತ್ತ ಮಾತು ತಡ ಎರಡೂ ಅದರಾಗ ಬರ್ತಾವ. ಅಂಗನವಾಡಿ ಟೀಚರ್‌ಗಿ ಹೇಳಿ ಹೆಸರು ಬರಸ್ರಿ, ಅವ್ರು ಜಿಲ್ಲಾ ಮಟ್ಟದ ಡಿಇಐಸಿ, ಅಂದ್ರ ಮಕ್ಕಳ ತೊಂದ್ರಿಗಿ ಬೇಗ ಚಿಕಿತ್ಸಾ ಕೊಡೋ ಕೇಂದ್ರಕ್ಕ ಚೀಟಿ ಕೊಡ್ತಾರ, ಅದರಿಂದ ಮುಂದಿನ ಚಿಕಿತ್ಸಾ ಪುಕ್ಕಟೆ ಆಗ್ತದ. ಆದ್ರ ತಂಡ ಬರೋ ತನಕಾ ಕಾಯ್ಬ್ಯಾಡ್ರಿ, ಟೆಸ್ಟಿಗಿ ನೀವೇ ಹೋಗ್ರಿ. ದೊಡ್ಡ ತೊಂದ್ರಿ ಅಂತ ಏನಾದ್ರೂ ಬಂದ್ರ ಮೈಸೂರಿನ ವಾಕ್ ಶ್ರವಣ ಸಂಸ್ಥಾ ಅದ, 1965ರಾಗ ಸುರು ಆದ ಕೇಂದ್ರ ಸರಕಾರದ ಸಂಸ್ಥಾ, ದೂರ ಅಂತ ಹಿಂದ ಸರೀಬ್ಯಾಡ್ರಿ, ಅವ್ರು ವಿಡಿಯೋ ಮ್ಯಾಲೂ ಥೆರಪಿ ಹೇಳಿಕೊಡ್ತಾರ.

ಕಿವ್ಯಾಗ ನೀರು ಅಂತ ಬಂದ್ರ ಹೆದರಬ್ಯಾಡ್ರಿ, ಭಾಳ ಸಲ ಎರಡು ಮೂರು ತಿಂಗಳಾಗ ತಾನೇ ಇಳೀತದ, ಡಾಕ್ಟ್ರು ಹೇಳಿದ ದಿನಕ್ಕ ಮತ್ತ ತೋರಸೋದು ಮಾತ್ರ ತಪ್ಪಿಸಬಾರ್ದು, ಇಳೀದಿದ್ರ ಅದಕ್ಕ ಚಿಕಿತ್ಸಾ ಅದ. ಕಿವಿ ಪೂರ್ತಿ ಚೊಲೋ ಅಂತ ಬಂದ್ರ ಎರಡು ವರ್ಷ ತುಂಬೋ ದಿನದ ತನಕಾ ಮ್ಯಾಲ ಹೇಳಿದಂಗ ಮನ್ಯಾಗ ಮಾಡ್ರಿ, ನೋಟ್‌ಬುಕ್ ಬರೀತಾ ಇರ್ರಿ. ಆ ಹೊತ್ತಿಗಿ ನಾಲ್ಕೂ ಭಾಷಾ ಕೂಡಿ ಐವತ್ತರ ಹತ್ರ ಬರಲಿಲ್ಲ, ಎರಡು ಮಾತು ಜೋಡಿಸಲಿಲ್ಲ ಅಂದ್ರ ವಾಕ್ ಚಿಕಿತ್ಸಾ ಸುರು ಮಾಡೂಣು, ಅಲ್ಲೂ ಥೆರಪಿಸ್ಟ್ ಒಬ್ರು "ಮನ್ಯಾಗ ಒಂದೇ ಭಾಷಾ ಮಾತಾಡ್ರಿ" ಅಂದ್ರ ಈ ಉತ್ತರ ತೋರಸ್ರಿ. ನನ್ ಹತ್ರ ಬರುವಾಗ ಟೆಸ್ಟ್ ರಿಪೋರ್ಟ್, ತಾಯಿ ಕಾರ್ಡ್, ನೋಟ್‌ಬುಕ್ ಮೂರೂ ತಗೊಂಡ್ ಬರ್ರಿ, ಮತ್ತ ಅತ್ತಿಯವ್ರನ್ನೂ ಜೋಡಿ ಕರ್ಕೊಂಡ್ ಬರ್ರಿ, ಮೊಮ್ಮಗ ಮರಾಠಿಯಾಗ ಏನೇನಂತಾನ ಅಂತ ನಾನು ಅವರ ಬಾಯಿಂದಲೇ ಕೇಳ್ಬೇಕು.